ಖಾಲಿ ಹೊಟ್ಟೆಯಲ್ಲಿ ನಡೆದರೆ ಮೂಳೆ ಸವೆಯುತ್ತದೆಯೇ?

ಆರೋಗ್ಯ ಪ್ರಶ್ನೋತ್ತರಕ್ಕೆ ಈ ಸಲ ಬಂದ ಪತ್ರಗಳಲ್ಲಿ ಉತ್ತರ ಕನ್ನಡ ಜಿಲ್ಲೆಯ ನಾಲ್ಕು ಪತ್ರಗಳು ಒಂದೇ ಸಂದೇಹವನ್ನು ಬೇರೆ ಬೇರೆ ಕಡೆಯಿಂದ ಮುಟ್ಟಿವೆ. ಆದ್ದರಿಂದ ಅವುಗಳಿಗೆ ಇಲ್ಲಿ ಒಟ್ಟಿಗೇ ಉತ್ತರಿಸಲಾಗಿದೆ.

ಪ್ರಶ್ನೆ: ನನಗೆ 53 ವರ್ಷ. ಮುಟ್ಟು ನಿಂತು ಮೂರು ವರ್ಷವಾಯಿತು. ದಿನವೂ ಬೆಳಗಿನ ಐದೂವರೆಗೆ ಎದ್ದು, ಬಾಯಿಗೆ ಏನೂ ಹಾಕಿಕೊಳ್ಳದೆ, ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಮುಕ್ಕಾಲು ಗಂಟೆ ಬಿರುಸಾಗಿ ನಡೆಯುತ್ತೇನೆ. ಖಾಲಿ ಹೊಟ್ಟೆಯಲ್ಲಿ ವ್ಯಾಯಾಮ ಮಾಡಿದರೆ ದೇಹ ಮೂಳೆಯಿಂದಲೇ ಸುಣ್ಣದಂಶವನ್ನು ಕಿತ್ತುಕೊಳ್ಳುತ್ತದೆ ಎಂಬ ವಿಡಿಯೊ ಒಂದನ್ನು ಜೊತೆಯಲ್ಲಿ ಬರುವ ಗೆಳತಿ ಮೊಬೈಲಿನಲ್ಲಿ ತೋರಿಸಿದರು. ತಿಂದು ನಡೆದರೆ ಬೊಜ್ಜು ಕರಗುವುದಿಲ್ಲ ಎಂದು ಮತ್ತೊಬ್ಬರು ಹೇಳುತ್ತಾರೆ. ಯಾರ ಮಾತನ್ನು ನಂಬಲಿ?
— ಗೃಹಿಣಿ, ಕೋಡಿಬಾಗ, ಕಾರವಾರ

ಉತ್ತರ: ಮುಕ್ಕಾಲು ಗಂಟೆಯ ನಡಿಗೆಯನ್ನು ಖಾಲಿ ಹೊಟ್ಟೆಯಲ್ಲಿ ಮಾಡಿದ ಮಾತ್ರಕ್ಕೆ ನಿಮ್ಮ ಮೂಳೆ ಸವೆಯುವುದಿಲ್ಲ. ಮನೆಗೆ ಮರಳಿ ಸರಿಯಾಗಿ ತಿಂಡಿ ತಿನ್ನುವವರಿಗೆ ಆ ಹೆದರಿಕೆ ಬೇಡ. ಆದರೆ ಗೆಳತಿ ತೋರಿಸಿದ ವಿಡಿಯೊ ಪೂರ್ತಿ ಸುಳ್ಳಲ್ಲ. ಅದರಲ್ಲಿರುವ ಅರ್ಧ ಸತ್ಯವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ನಮ್ಮ ಮೂಳೆಯಲ್ಲಿ ಹಳೆಯದನ್ನು ಕರಗಿಸುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಜೀವನವಿಡೀ ಕೆಲಸ ಮಾಡುತ್ತಲೇ ಇರುತ್ತವೆ. ಒಂದು ಜಾಗದಲ್ಲಿ ಹಳೆಯದು ಕರಗಿ ಹೊಸದು ತುಂಬಲು ಕೆಲವು ತಿಂಗಳುಗಳೇ ಬೇಕು. ಮೂಳೆ ಕರಗುವಾಗ ಅದರ ಕೊಲ್ಯಾಜನ್ ಎಂಬ ಪ್ರೋಟೀನಿನ ಚೂರುಗಳು ರಕ್ತಕ್ಕೆ ಸೇರುತ್ತವೆ. ಅವುಗಳ ಪ್ರಮಾಣವನ್ನು ಅಳೆಯುವ ಪರೀಕ್ಷೆಗೆ ಸಿಟಿಎಕ್ಸ್ ಎಂದು ಹೆಸರು. ಈ ಅಂಶ ನಸುಕಿನ ಹೊತ್ತಿಗೆ ಅತಿ ಹೆಚ್ಚಾಗಿದ್ದು, ತಿಂಡಿ ತಿಂದ ಮೇಲೆ ಗಣನೀಯವಾಗಿ ಇಳಿಯುತ್ತದೆ. ಆಹಾರ ಬಂದೊಡನೆ ಕರುಳಿನಿಂದ ಹೊರಡುವ ಕೆಲವು ಹಾರ್ಮೋನುಗಳು ಮೂಳೆ ಕರಗಿಸುವ ಕೋಶಗಳನ್ನು ತಡೆಯುವುದೇ ಇದಕ್ಕೆ ಮುಖ್ಯ ಕಾರಣ. ಸಿಟಿಎಕ್ಸ್ ಪರೀಕ್ಷೆಗೆ ಬೆಳಿಗ್ಗೆ ಏನೂ ತಿನ್ನದೆ ಬನ್ನಿ ಎಂದು ಪ್ರಯೋಗಾಲಯದವರು ಹೇಳುವುದೂ ಇದಕ್ಕಾಗಿಯೇ. ಇದರ ಮೇಲೆ ವ್ಯಾಯಾಮವೂ ಸೇರಿದಾಗ ಇನ್ನೊಂದು ಬದಲಾವಣೆ ಆಗುತ್ತದೆ: ದೀರ್ಘವಾದ, ಬೆವರಿಳಿಸುವ ವ್ಯಾಯಾಮದಲ್ಲಿ ರಕ್ತದ ಕ್ಯಾಲ್ಸಿಯಂ ಸ್ವಲ್ಪ ತಗ್ಗುತ್ತದೆ, ಅದನ್ನು ಸರಿದೂಗಿಸಲು ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳು ತಮ್ಮ ಹಾರ್ಮೋನನ್ನು ಹೆಚ್ಚಿಸುತ್ತವೆ, ಆ ಹಾರ್ಮೋನು ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸಿ ರಕ್ತಕ್ಕೆ ಕೊಡುತ್ತದೆ. ವಿಡಿಯೊದವರು ಹಿಡಿದುಕೊಂಡಿರುವ ಎಳೆ ಇದು.

ಅವರು ಹೇಳದೆ ಬಿಟ್ಟದ್ದು ಮುಂದಿನ ಕಥೆ. ರಾತ್ರಿ ಉಪವಾಸದ ನಂತರ ಓಡಿದ ಯುವಕರನ್ನೂ ತಿಂಡಿ ತಿಂದು ಓಡಿದ ಯುವಕರನ್ನೂ ಹೋಲಿಸಿ ನೋಡಿದಾಗ, ಓಟಕ್ಕೆ ಮುಂಚೆ ತಿಂಡಿ ತಿಂದವರಲ್ಲಿ ಸಿಟಿಎಕ್ಸ್ ಕಡಿಮೆ ಇದ್ದರೂ, ಓಟ ಶುರುವಾದ ಮೇಲೆ ಆ ಅಂತರ ಕುಗ್ಗಿತು. ಮುಂದಿನ ದಿನಗಳಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಉಳಿಯಲಿಲ್ಲ. ಕೆಲವು ಗಂಟೆಗಳ ರಕ್ತಪರೀಕ್ಷೆಯಲ್ಲಿ ಕಂಡ ಏರಿಳಿತವನ್ನು ವರ್ಷಗಟ್ಟಲೆ ಆಗುವ ಮೂಳೆ ಸವೆತವೆಂದು ಓದುವುದು ಸರಿಯಲ್ಲ. ಇನ್ನೊಂದು ಕಡೆ, ಆಸ್ಟ್ರೇಲಿಯಾದಲ್ಲಿ ಸ್ಪರ್ಧಾತ್ಮಕ ಸೈಕಲ್ ಸವಾರಿ ಮಾಡುವ ಮಹಿಳೆಯರಿಗೆ ಸವಾರಿಗೆ ಎರಡು ಗಂಟೆ ಮೊದಲು ಹಾಲಿನ ಪದಾರ್ಥಗಳಿಂದ ಸುಮಾರು 1,350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ತಿಂಡಿ ಕೊಟ್ಟು 90 ನಿಮಿಷ ಕಠಿಣವಾಗಿ ಸೈಕಲ್ ತುಳಿಸಿದಾಗ, ಪ್ಯಾರಾಥೈರಾಯ್ಡ್ ಹಾರ್ಮೋನು ಮತ್ತು ಸಿಟಿಎಕ್ಸ್ ಎರಡರ ಏರಿಕೆಯೂ ಕಡಿಮೆಯಾಯಿತು. 2015ರಲ್ಲಿ ಪ್ರಕಟವಾದ ಈ ಪ್ರಯೋಗ ಒಳ್ಳೆಯದೇ. ಆದರೆ ಒಂದೇ ತಿಂಡಿಯಲ್ಲಿ ಅಷ್ಟು ಕ್ಯಾಲ್ಸಿಯಂ ಎಂದರೆ ಲೀಟರಿಗೂ ಮೀರಿದ ಹಾಲು; ಸ್ಪರ್ಧೆಯ ಸವಾರರಿಗೆ ಹೇಳಿದ ಮಾತನ್ನು ಬೆಳಗಿನ ನಡಿಗೆಯವರಿಗೆ ಹಚ್ಚುವುದು ಅನಗತ್ಯ.

ಬೊಜ್ಜಿನ ಮಾತಿಗೂ ಎರಡು ವಾಕ್ಯ ಸಾಕು. ಖಾಲಿ ಹೊಟ್ಟೆಯಲ್ಲಿ ನಡೆದಾಗ ಆ ಹೊತ್ತಿನಲ್ಲಿ ಕೊಬ್ಬು ಹೆಚ್ಚು ಬಳಕೆಯಾಗುವುದು ನಿಜ, ಆದರೆ ದಿನವಿಡೀ ತಿಂದ ಆಹಾರ ಅಷ್ಟೇ ಇದ್ದರೆ ಕೆಲವು ವಾರಗಳ ನಂತರ ಇಳಿಯುವ ತೂಕದಲ್ಲಿ ಗಣನೀಯ ಭೇದ ಕಾಣುವುದಿಲ್ಲ. ಹಾಗಾಗಿ ಹೊಟ್ಟೆ ಹಸಿದು ತಲೆ ಹಗುರಾಗುವವರು ಒಂದು ಬಾಳೆಹಣ್ಣು ತಿಂದು ಹೊರಡಲಿ, ತಿಂದರೆ ಹೊಟ್ಟೆ ಭಾರವಾಗುವವರು ನೀರು ಕುಡಿದು ಹೊರಡಲಿ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಮುಖ್ಯವೆನಿಸಿದ್ದು ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ಸಂಗತಿ, ಅಂದರೆ ಮುಟ್ಟು ನಿಂತು ಮೂರು ವರ್ಷವಾಗಿರುವುದು. ಮುಟ್ಟು ನಿಂತು ಈಸ್ಟ್ರೊಜನ್ ಹಾರ್ಮೋನು ಇಳಿದ ಮೊದಲ ಕೆಲವು ವರ್ಷಗಳಲ್ಲಿ ಮೂಳೆಯ ಸಾಂದ್ರತೆ ಬೇರೆ ಯಾವ ಕಾಲಕ್ಕಿಂತಲೂ ವೇಗವಾಗಿ ಕುಸಿಯುತ್ತದೆ, ನೀವು ಈಗ ಆ ವರ್ಷಗಳಲ್ಲಿಯೇ ಇದ್ದೀರಿ. ಇಲ್ಲಿ ತಿಂದು ನಡೆಯುವುದೋ ತಿನ್ನದೆ ನಡೆಯುವುದೋ ಎಂಬ ಪ್ರಶ್ನೆಗಿಂತ, ನಡಿಗೆಯೊಂದೇ ಸಾಕೇ ಎಂಬ ಪ್ರಶ್ನೆ ದೊಡ್ಡದು. ಮೂಳೆ ಬಲಗೊಳ್ಳುವುದು ಅದರ ಮೇಲೆ ಅಭ್ಯಾಸಕ್ಕಿಂತ ಹೆಚ್ಚಿನ ಭಾರ ಬಿದ್ದಾಗ. ನಡಿಗೆ ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ಬಹಳ ಒಳ್ಳೆಯದು, ಮೂಳೆಗೆ ಮಾತ್ರ ಅದರ ಲಾಭ ಸಣ್ಣದು. ಅದರಲ್ಲೂ ಮೆತ್ತನೆಯ ಒಣ ಮರಳಿನಲ್ಲಿ ಕಾಲು ಹೂತು ನಡೆಯುವಾಗ ಸುಸ್ತು ಹೆಚ್ಚಾಗುತ್ತದೆಯೇ ಹೊರತು ಹೆಜ್ಜೆಯ ಹೊಡೆತವನ್ನು ಮರಳೇ ನುಂಗಿಕೊಳ್ಳುತ್ತದೆ; ನೀರಿಳಿದ ಗಟ್ಟಿ ಮರಳಿನಲ್ಲಿ ಅಥವಾ ದಡದ ಕಾಲುದಾರಿಯಲ್ಲಿ ನಡೆಯುವುದು ಮೂಳೆಯ ದೃಷ್ಟಿಯಿಂದ ಹೆಚ್ಚು ಉಪಯುಕ್ತ. ವಾರಕ್ಕೆ ಎರಡು ಮೂರು ದಿನ ಮೆಟ್ಟಿಲು ಹತ್ತುವುದು, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಹಿಮ್ಮಡಿ ಎತ್ತಿ ನೆಲಕ್ಕೆ ಬಿಡುವುದು, ನೀರು ತುಂಬಿದ ಬಾಟಲಿಗಳನ್ನು ಎತ್ತಿ ಇಳಿಸುವುದು ಇವುಗಳನ್ನು ಸೇರಿಸಿಕೊಳ್ಳಿ. ಬೆನ್ನುನೋವು ಅಥವಾ ಹಳೆಯ ಮೂಳೆಮುರಿತ ಇದ್ದರೆ ವೈದ್ಯರನ್ನು ಕೇಳಿಯೇ ಶುರುಮಾಡಿ. ಇನ್ನೊಂದು ಮಾತು: ಬೆಳಗಿನ ಐದೂವರೆಯ ನಡಿಗೆಯಿಂದ ವಿಟಮಿನ್ ಡಿ ಸಿಗುತ್ತದೆ ಎಂದು ಅನೇಕರು ನಂಬಿದ್ದಾರೆ, ಆ ಹೊತ್ತಿನಲ್ಲಿ ಅದನ್ನು ಉಂಟುಮಾಡುವ ಕಿರಣಗಳೇ ಇರುವುದಿಲ್ಲ. ಹತ್ತು ಗಂಟೆಯ ನಂತರದ ಬಿಸಿಲು ಬೇಕು, ಮಳೆಗಾಲದ ನಾಲ್ಕು ತಿಂಗಳು ಕರಾವಳಿಯಲ್ಲಿ ಅದಕ್ಕೂ ಬರ.

ಊಟದ ವಿಷಯಕ್ಕೆ ಬಂದರೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಹೇಳಿದೆ. ಮುಟ್ಟು ನಿಂತವರಿಗೆ ವೈದ್ಯರು ಸಾಮಾನ್ಯವಾಗಿ 1,200ರವರೆಗೆ ಹೇಳುತ್ತಾರೆ. ಕಾಲು ಲೀಟರ್ ಹಾಲು ಅಥವಾ ಮೊಸರಿನಲ್ಲಿ ಸುಮಾರು 300 ಮಿಲಿಗ್ರಾಂ ಇರುತ್ತದೆ. ರಾಗಿಯ ಬಗ್ಗೆ ನಮ್ಮಲ್ಲಿ ಹೆಮ್ಮೆ ಜಾಸ್ತಿ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇರುವುದು ಸತ್ಯ, ಆದರೆ ಎರಡು ಚಮಚ ಹಿಟ್ಟಿನ ತೆಳು ಅಂಬಲಿಯಿಂದ 70 ಮಿಲಿಗ್ರಾಂ ಸಿಕ್ಕರೆ ಹೆಚ್ಚು. ತಾರ್ಲೆಯಂತಹ ಸಣ್ಣ ಮೀನುಗಳನ್ನು ಮುಳ್ಳು ಸಮೇತ ಅಗಿದು ತಿಂದರೆ ಮಾತ್ರ ಅವುಗಳ ಸುಣ್ಣದಂಶ ನಮ್ಮದಾಗುತ್ತದೆ. ಮುಳ್ಳು ಬಿಡಿಸಿ ತಟ್ಟೆಯ ಅಂಚಿಗಿಟ್ಟರೆ ಪ್ರೋಟೀನ್ ಅಷ್ಟೇ ಉಳಿಯುತ್ತದೆ. ನಡಿಗೆ ಮುಗಿಸಿ ಬಂದು ಬರೀ ಚಹಾ, ಬಿಸ್ಕತ್ತಿನಲ್ಲಿ ಹನ್ನೊಂದು ಗಂಟೆಯವರೆಗೆ ಕಳೆಯುವ ರೂಢಿ ನಿಮಗಿದ್ದರೆ, ಬದಲಿಸಬೇಕಾದದ್ದು ಅದನ್ನು. ಇಷ್ಟರಲ್ಲಿ ಒಮ್ಮೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಕೇಳಿ. ತಾಯಿ ಅಥವಾ ತಂದೆಗೆ ಸೊಂಟದ ಮೂಳೆ ಮುರಿದಿದ್ದರೆ ತಡಮಾಡದೆ ಕೇಳಿ.

ಪ್ರಶ್ನೆ: ನನಗೆ 19 ವರ್ಷ, ತೂಕ 60 ಕಿಲೊ. ಅಗ್ನಿವೀರ ಭರ್ತಿಗಾಗಿ 1.6 ಕಿಲೊಮೀಟರ್ ಓಟದ ಅಭ್ಯಾಸ ಮಾಡುತ್ತಿದ್ದೇನೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮತ್ತು ಸಂಜೆ ಸೇರಿ ದಿನಕ್ಕೆ ಸುಮಾರು 12 ಕಿಲೊಮೀಟರ್ ಓಡುತ್ತೇನೆ. ಮೈ ಹಗುರಾಗಲೆಂದು ರಾತ್ರಿ ಎಂಟರಿಂದ ಮಧ್ಯಾಹ್ನ ಹನ್ನೆರಡರವರೆಗೆ ಏನೂ ತಿನ್ನುವುದಿಲ್ಲ. ಮೂರು ವಾರದಿಂದ ಬಲಗಾಲಿನ ಮುಂಭಾಗದ ಮೂಳೆಯಲ್ಲಿ ಒಂದೇ ಜಾಗದಲ್ಲಿ ನೋವು. ಎಣ್ಣೆ ತಿಕ್ಕಿದರೆ ಹೋಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದಾರೆ.
— ವಿದ್ಯಾರ್ಥಿ, ಅಂಕೋಲಾ ತಾಲ್ಲೂಕು

ಉತ್ತರ: ಈ ಪತ್ರ ತಲುಪಿದ ದಿನದಿಂದ ಓಟ ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ. ಓಡಿದ ಮೇಲೆ ಇಡೀ ಕಣಕಾಲಿನ ಉದ್ದಕ್ಕೂ ಹರಡಿಕೊಳ್ಳುವ ನೋವು ಬೇರೆ, ಬೆರಳ ತುದಿಯಿಂದ ಒತ್ತಿ ಇಲ್ಲೇ ಎಂದು ತೋರಿಸಬಹುದಾದ ನೋವು ಬೇರೆ. ಎರಡನೆಯದು ಮೂಳೆಯಲ್ಲಿ ಕೂದಲೆಳೆಯಷ್ಟು ಸೂಕ್ಷ್ಮ ಬಿರುಕು ಬಿಟ್ಟಿರುವುದರ ಸೂಚನೆಯಾಗಿರಬಹುದು. ಆರಂಭದ ಎರಡು ಮೂರು ವಾರಗಳಲ್ಲಿ ಎಕ್ಸ್‌ರೇಯಲ್ಲಿ ಅದು ಕಾಣದೇ ಇರುವುದುಂಟು. ಎಕ್ಸ್‌ರೇ ಸರಿಯಾಗಿದೆ ಎಂದು ಮತ್ತೆ ಓಡಲು ಹೋಗಬೇಡಿ, ಎಂಆರ್‌ಐ ಬೇಕಾಗಬಹುದು. ಎಣ್ಣೆ ತಿಕ್ಕಿದರೆ ಬಿರುಕು ಕೂಡುವುದಿಲ್ಲ.

ಹಿಂದಿನ ಪತ್ರದವರಿಗೆ ಖಾಲಿ ಹೊಟ್ಟೆಯ ಚಿಂತೆ ಬೇಡ ಎಂದೆ. ನಿಮಗೆ ಅದೇ ಮಾತು ಹೇಳಲಾರೆ. ಬೆಳಗಿನ ಒಂದು ಹೊತ್ತಿನ ಹಸಿವು ಅಪರಾಧಿಯಲ್ಲ, ಇಡೀ ದಿನದ ಕೊರತೆ ಅಪರಾಧಿ. ಲೆಕ್ಕ ಹಾಕಿ ನೋಡೋಣ. ಓಡುವವರು ಪ್ರತಿ ಕಿಲೊಮೀಟರಿಗೆ ದೇಹದ ತೂಕದ ಪ್ರತಿ ಕಿಲೊಗೆ ಸುಮಾರು ಒಂದು ಕ್ಯಾಲೊರಿ ಖರ್ಚು ಮಾಡುತ್ತಾರೆ. 60 ಕಿಲೊ ತೂಕಕ್ಕೆ 12 ಕಿಲೊಮೀಟರ್ ಎಂದರೆ 720 ಕ್ಯಾಲೊರಿ. ಮಧ್ಯಾಹ್ನದ ಗಂಜಿ ಊಟ, ಸಂಜೆಯ ತಿಂಡಿ, ರಾತ್ರಿಯ ಊಟ ಸೇರಿ ನೀವು 1,900 ಕ್ಯಾಲೊರಿ ತಿನ್ನುತ್ತೀರಿ ಎಂದಿಟ್ಟುಕೊಳ್ಳಿ. ಓಟದ ಖರ್ಚು ಕಳೆದರೆ ಉಳಿದದ್ದು 1,180. ಕೊಬ್ಬನ್ನು ಬಿಟ್ಟು ನಿಮ್ಮ ದೇಹದ ತೂಕ 52 ಕಿಲೊ ಎಂದುಕೊಂಡರೆ, ಹೃದಯ, ಮಿದುಳು, ಹಾರ್ಮೋನು, ಮೂಳೆ ಎಲ್ಲದಕ್ಕೂ ಸೇರಿ ಕಿಲೊಗೆ 23 ಕ್ಯಾಲೊರಿಯೂ ಸಿಗಲಿಲ್ಲ. ಆರೋಗ್ಯವಂತ ಯುವಕರಿಗೆ ಇದು 45ರ ಆಸುಪಾಸಿನಲ್ಲಿರಬೇಕು. ಯುವತಿಯರ ಮೇಲೆ ನಡೆದ ಪ್ರಯೋಗಗಳಲ್ಲಿ ಇದು 30ಕ್ಕೆ ಇಳಿದಾಗ ಐದೇ ದಿನಗಳಲ್ಲಿ ಮೂಳೆ ಕಟ್ಟುವ ಕೆಲಸ ಕುಂಠಿತಗೊಂಡ ಗುರುತುಗಳು ರಕ್ತದಲ್ಲಿ ಕಂಡವು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ಪ್ರತ್ಯೇಕ ಹೆಸರಿಟ್ಟು, ಇದು ಹೆಣ್ಣುಮಕ್ಕಳಿಗಷ್ಟೇ ಸಂಬಂಧಿಸಿದ್ದಲ್ಲ, ಗಂಡುಮಕ್ಕಳಲ್ಲಿಯೂ ಇದೆ ಎಂದು ಸ್ಪಷ್ಟಪಡಿಸಿತು. ಊಟ ಕಡಿಮೆಯಾದಾಗ ದೇಹ ಮೊದಲು ಕೈಬಿಡುವುದು ಇವತ್ತಿನ ಉಳಿವಿಗೆ ಬೇಡದ ಕೆಲಸಗಳನ್ನು, ಮೂಳೆ ಕಟ್ಟುವುದು ಅವುಗಳಲ್ಲಿ ಒಂದು. ಅದೇ ಹೊತ್ತಿಗೆ ನೀವು ದಿನಕ್ಕೆ ಎರಡು ಬಾರಿ ಆ ಮೂಳೆಯ ಮೇಲೆ ಸಾವಿರಾರು ಹೆಜ್ಜೆಗಳ ಹೊಡೆತ ಹಾಕುತ್ತಿದ್ದೀರಿ.

ಮರಳಿ ಓಡಲು ವೈದ್ಯರು ಒಪ್ಪಿದ ಮೇಲೆ ಹದಿನಾರು ಗಂಟೆಯ ಉಪವಾಸವನ್ನು ಪೂರ್ತಿ ಬಿಟ್ಟುಬಿಡಿ. ಬೆಳಗಿನ ಓಟಕ್ಕೆ ಅರ್ಧ ಗಂಟೆ ಮೊದಲು ಎರಡು ಬಾಳೆಹಣ್ಣು, ಇಲ್ಲವೇ ಬೆಲ್ಲ ಹಾಕಿದ ಅವಲಕ್ಕಿ. ಓಟ ಮುಗಿದ ಒಂದು ಗಂಟೆಯೊಳಗೆ ಹಾಲು, ಮೊಟ್ಟೆ, ದೋಸೆ ಅಥವಾ ಗಂಜಿಯೊಂದಿಗೆ ಮೀನು. ಅನ್ನ ಬಿಟ್ಟು ಕೊಬ್ಬು ಮಾತ್ರ ತಿಂದು ಹಗುರಾಗುವ ಪ್ರಯೋಗವೂ ಬೇಡ: ವಿಶ್ವದರ್ಜೆಯ ನಡಿಗೆ ಸ್ಪರ್ಧಿಗಳಲ್ಲಿ ಕೆಲವೇ ವಾರಗಳ ಅಂತಹ ಆಹಾರದಿಂದ ಮೂಳೆ ಕರಗುವ ಗುರುತು ಏರಿ, ಕಟ್ಟುವ ಗುರುತು ಇಳಿದದ್ದು ದಾಖಲಾಗಿದೆ. ಕ್ಯಾಲ್ಸಿಯಂ, ವಿಟಮಿನ್ ಡಿ ಬಗ್ಗೆ ನಿಮ್ಮಂತಹ ಅಭ್ಯರ್ಥಿಗಳಿಗೆ ಹತ್ತಿರದ ಒಂದು ಸಾಕ್ಷ್ಯವಿದೆ. ಅಮೆರಿಕದ ನೌಕಾಪಡೆಗೆ ಸೇರಿದ ಐದು ಸಾವಿರಕ್ಕೂ ಹೆಚ್ಚು ಯುವತಿಯರಲ್ಲಿ ಅರ್ಧದಷ್ಟು ಮಂದಿಗೆ ಎಂಟು ವಾರಗಳ ತರಬೇತಿಯ ಅವಧಿಯಲ್ಲಿ ದಿನಕ್ಕೆ 2,000 ಮಿಲಿಗ್ರಾಂ ಕ್ಯಾಲ್ಸಿಯಂ, 800 ಯೂನಿಟ್ ವಿಟಮಿನ್ ಡಿ ಕೊಟ್ಟಾಗ, ಇಂತಹ ಬಿರುಕುಗಳು ಸುಮಾರು ಶೇಕಡಾ 20ರಷ್ಟು ಕಡಿಮೆಯಾದವು. ಇದನ್ನು ಓದಿ ಅಷ್ಟು ಮಾತ್ರೆಯನ್ನು ನೀವೇ ನುಂಗಬೇಡಿ. ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರಿಗೆ ಅದು ಕೆಡುಕು ಮಾಡಬಹುದು. ನಿಮ್ಮ ಜೊತೆಗೆ ಓಡುವ ಹುಡುಗಿಯರಿದ್ದರೆ ಅವರಿಗೆ ಒಂದು ಮಾತು ತಿಳಿಸಿ: ತರಬೇತಿ ಶುರುವಾದ ಮೇಲೆ ಮೂರು ತಿಂಗಳು ಮುಟ್ಟು ನಿಂತರೆ ಅದು ದೇಹ ಗಟ್ಟಿಯಾದ ಲಕ್ಷಣವಲ್ಲ, ವೈದ್ಯರ ಬಳಿ ಹೋಗಬೇಕಾದ ಕಾರಣ.

ಪ್ರಶ್ನೆ: ನಾನು 67 ವರ್ಷದ ನಿವೃತ್ತ ಶಿಕ್ಷಕಿ. ಮೂಳೆ ಸವೆತಕ್ಕೆ ವಾರಕ್ಕೊಮ್ಮೆ 70 ಮಿಲಿಗ್ರಾಂನ ಅಲೆಂಡ್ರೊನೇಟ್ ಮಾತ್ರೆಯನ್ನೂ, ಥೈರಾಯ್ಡಿಗೆ ದಿನವೂ ಒಂದು ಮಾತ್ರೆಯನ್ನೂ ತೆಗೆದುಕೊಳ್ಳುತ್ತೇನೆ. ಬೆಳಿಗ್ಗೆ ಆಸರಿಗೆಗೆ (ತಿಂಡಿಗೆ) ಮುಂಚೆ ವಾಕಿಂಗ್, ಸ್ವಲ್ಪ ಯೋಗ ಮಾಡುವ ರೂಢಿ. ಮಾತ್ರೆ ನುಂಗಿ ಕಷಾಯ ಕುಡಿದು ಹೊರಡಬಹುದೇ?
— ಓದುಗರು, ಶಿರಸಿ

ಉತ್ತರ: ಕಷಾಯದ ಜೊತೆ ಬೇಡ. ಅಲೆಂಡ್ರೊನೇಟ್ ಖಾಲಿ ಹೊಟ್ಟೆಯಲ್ಲಿಯೂ ಬಹಳ ಸ್ವಲ್ಪವೇ ಮೈಗೆ ಹತ್ತುವ ಔಷಧ, ಹಾಲಿನ ಕಷಾಯ, ಕಾಫಿ, ಹಣ್ಣಿನ ರಸ ಯಾವುದು ಸೇರಿದರೂ ಆ ಸ್ವಲ್ಪವೂ ಹೋಗುತ್ತದೆ. ಎದ್ದ ಕೂಡಲೇ ಒಂದು ದೊಡ್ಡ ಲೋಟ ಬರೀ ನೀರಿನಲ್ಲಿ ಮಾತ್ರೆಯನ್ನು ನುಂಗಿ, ಕನಿಷ್ಠ 30 ನಿಮಿಷ ಏನನ್ನೂ ತಿನ್ನದೆ, ಮಲಗದೆ ಇರಬೇಕು. ಮಾತ್ರೆ ಅನ್ನನಾಳದಲ್ಲಿ ನಿಂತರೆ ಅಲ್ಲಿ ಹುಣ್ಣಾಗುವ ಭಯವಿದೆ. ಹೀಗಾಗಿ ಆ ಅರ್ಧ ಗಂಟೆಯನ್ನು ನಡಿಗೆಗೆ ಬಳಸಿಕೊಳ್ಳುವುದು ಬಹಳ ಅನುಕೂಲದ ಏರ್ಪಾಡು. ಯೋಗವನ್ನು ಮಾತ್ರ ಆ ದಿನ ಆಸರಿಗೆಯ ನಂತರಕ್ಕೆ, ಹೊಟ್ಟೆ ಹಗುರಾದ ಹೊತ್ತಿಗೆ ಮುಂದೂಡಿ, ಏಕೆಂದರೆ ಅದರಲ್ಲಿ ಮಲಗುವುದೂ ಬಗ್ಗುವುದೂ ಇರುತ್ತದೆ. ಮೂಳೆ ಸವೆದ ಬೆನ್ನಿಗೆ ಪಾದಹಸ್ತಾಸನದಂತೆ ಮುಂದಕ್ಕೆ ಪೂರ್ತಿ ಬಗ್ಗುವ ಆಸನಗಳು ಯಾವ ದಿನವೂ ಒಳ್ಳೆಯದಲ್ಲ. ಯೋಗ ಶಿಕ್ಷಕರಿಗೆ ನಿಮ್ಮ ಸ್ಕ್ಯಾನ್ ವರದಿ ತೋರಿಸಿ ಬದಲಿ ಕೇಳಿ. ಥೈರಾಯ್ಡ್ ಮಾತ್ರೆಗೂ ಖಾಲಿ ಹೊಟ್ಟೆಯೇ ಬೇಕು. ಅಲೆಂಡ್ರೊನೇಟ್ ಇರುವ ದಿನ ಎರಡನ್ನೂ ಹೇಗೆ ಹೊಂದಿಸಬೇಕೆಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿ. ಕ್ಯಾಲ್ಸಿಯಂ ಮಾತ್ರೆಯನ್ನು ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆಯಾದರೂ ದೂರ ಇಟ್ಟು, ಮಧ್ಯಾಹ್ನದ ಊಟದೊಂದಿಗೆ ತೆಗೆದುಕೊಂಡರೆ ಗೊಂದಲವಿರುವುದಿಲ್ಲ.

ಶಿರಸಿಯ ಮಳೆಗಾಲದಲ್ಲಿ ನಿಮ್ಮ ವಯಸ್ಸಿನವರ ಮೂಳೆಗೆ ಖಾಲಿ ಹೊಟ್ಟೆಗಿಂತ ಹಾವಸೆ ಕಟ್ಟಿದ ಅಂಗಳ ದೊಡ್ಡ ಶತ್ರು. ಸೊಂಟ ಮುರಿದು ಬರುವವರಲ್ಲಿ ಹೆಚ್ಚಿನವರು ಬಿದ್ದೇ ಬರುತ್ತಾರೆ. ಅಂಗಳದಿಂದ ಕೊಟ್ಟಿಗೆ, ಬಚ್ಚಲಿನವರೆಗಿನ ದಾರಿಗೆ ಅಡಿಕೆ ದಬ್ಬೆ ಹಾಸುವಾಗ ಅವು ಅಲುಗಾಡದಂತೆ ಕಟ್ಟಿಸಿ, ಬೆಳಕು ಹರಿಯುವ ಮುಂಚೆ ಹೊರಡಬೇಡಿ, ಜೋರು ಮಳೆಯ ದಿನಗಳಲ್ಲಿ ಜಗುಲಿಯಲ್ಲಿಯೇ ಅಡ್ಡಾಡಿ.

ಪ್ರಶ್ನೆ: ನನಗೆ 58 ವರ್ಷ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತೇನೆ. ರಂಜಾನ್ ತಿಂಗಳಲ್ಲಿ ಉಪವಾಸವಿದ್ದು ಸಂಜೆಯ ನಡಿಗೆ ಮುಂದುವರಿಸಿದರೆ ಮೂಳೆಗೆ ತೊಂದರೆಯೇ?
— ವ್ಯಾಪಾರಿ, ಭಟ್ಕಳ

ಉತ್ತರ: ಒಂದು ತಿಂಗಳ ಹಗಲು ಉಪವಾಸದಿಂದ, ರಾತ್ರಿ ಸರಿಯಾಗಿ ಉಂಡರೆ, ಮೂಳೆಯ ಬಗ್ಗೆ ನೀವು ಚಿಂತಿಸಬೇಕಾಗಿಲ್ಲ. ನಿಮ್ಮ ಅಪಾಯ ಆ ಮಾತ್ರೆಯದು. ಗ್ಲಿಮೆಪಿರೈಡ್ ಊಟವಿಲ್ಲದಾಗಲೂ ಇನ್ಸುಲಿನನ್ನು ಹೊರಡಿಸುತ್ತಲೇ ಇರುತ್ತದೆ; ಇಫ್ತಾರಿಗೆ ಮುಂಚಿನ ಗಂಟೆಗಳಲ್ಲಿ ಬಿರುಸಾಗಿ ನಡೆದರೆ ಸಕ್ಕರೆ ತೀರಾ ಇಳಿದು, ಕಣ್ಣು ಕತ್ತಲಿಟ್ಟು ರಸ್ತೆಯಲ್ಲಿ ಬೀಳಬಹುದು, ಮೂಳೆ ಮುರಿಯುವುದು ಆಗ. ರಂಜಾನ್ ಶುರುವಾಗುವ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಂಡು ಮಾತ್ರೆಯ ಪ್ರಮಾಣ ಮತ್ತು ಹೊತ್ತನ್ನು ಬದಲಿಸಿಕೊಳ್ಳಿ. ನಡಿಗೆಯನ್ನು ಇಫ್ತಾರಿನ ಒಂದೆರಡು ಗಂಟೆಯ ನಂತರಕ್ಕೆ ಇಟ್ಟುಕೊಳ್ಳಿ. ತರಾವೀಹ್ ನಮಾಜಿನಲ್ಲಿ ಎದ್ದು ಬಾಗಿ ಕೂರುವುದೂ ಒಂದು ವ್ಯಾಯಾಮವೇ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ನಸುಕಿನ ಊಟವಾದ ಸಹರಿಯನ್ನು ಬಿಡದೆ, ಅದರಲ್ಲಿ ಮೊಸರು ಅಥವಾ ಹಾಲು ಇರಲಿ. ಉಪವಾಸದ ನಡುವೆ ಬೆರಳ ತುದಿಯ ರಕ್ತಪರೀಕ್ಷೆಯಲ್ಲಿ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಆ ದಿನದ ಉಪವಾಸವನ್ನು ಅಲ್ಲಿಗೇ ಮುರಿಯಬೇಕು. ಹೀಗೆ ಪರೀಕ್ಷಿಸಿಕೊಳ್ಳುವುದರಿಂದ ಉಪವಾಸಕ್ಕೆ ಭಂಗ ಬರುವುದಿಲ್ಲವೆಂದು ಧಾರ್ಮಿಕ ವಿದ್ವಾಂಸರೇ ಹೇಳಿರುವುದರಿಂದ, ಗ್ಲೂಕೊಮೀಟರನ್ನು ಅಂಗಡಿಯಲ್ಲಿಯೇ ಕೈಗೆಟುಕುವಂತೆ ಇಟ್ಟುಕೊಳ್ಳಿ.